ಕ್ಯಾಪ್ಟನ್ ಏನು ತಿಂದರು?

ಮೊನ್ನೆ ಮಾಟುಂಗದಲ್ಲಿ ಒಂದು ಮದುವೆ. ಹೆಂಡತಿಯ ಕಡೆಯ ನೆಂಟರದು. ಊಟಕ್ಕೆ ಪಂಕ್ತಿಯಲ್ಲಿ ಕೂತೆ. ಎಲೆ ಹಾಕಿದರು, ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಬಂದವು. ನನ್ನ ಎಡಕ್ಕೆ ಕೂತವರು ವಡಾಲದ ಒಬ್ಬ ನಿವೃತ್ತ ಹಿರಿಯರು; ಅವರನ್ನು ನಾನು ಅದೇ ಮೊದಲು ನೋಡಿದ್ದು. ಅವರ ಎಲೆಯ ಕಡೆಗೆ ಬಗ್ಗಿ, ಬಹಳ ಸಹಜವಾಗಿ, "ತಾವು ಏನು ತಗೊಳ್ತೀರಿ?" ಎಂದು ಕೇಳಿಬಿಟ್ಟೆ. ಅವರು ನನ್ನ ಎಲೆ ನೋಡಿದರು, ತಮ್ಮ ಎಲೆ ನೋಡಿದರು. ಎರಡರಲ್ಲೂ ಅದೇ ಕೋಸಂಬರಿ, ಅದೇ ಪಲ್ಯ. "ಏನು ಹಾಕ್ತಾರೋ ಅದೇ," ಎಂದು ಹೇಳಿ ತಮ್ಮ ಎಲೆಯನ್ನು ಎರಡು ಇಂಚು ಆಚೆಗೆ ಎಳೆದುಕೊಂಡರು. ಬಲಕ್ಕೆ ಕೂತಿದ್ದ ಹೆಂಡತಿ ಶೈಲಾ ನನ್ನ ತೊಡೆ ಚಿವುಟಿ, "ಇದು ಮದುವೆಮನೆ ಕಣ್ರೀ, ನಿಮ್ಮ ಕಾಕ್‌ಪಿಟ್ ಅಲ್ಲ. ಸುಮ್ನೆ ಊಟ ಮಾಡಿ," ಎಂದಳು. ಪಾಯಸ ಬರುವ ತನಕ ಆ ಹಿರಿಯರು ಎಡಗೈಯನ್ನು ಎಲೆಗೆ ಅಡ್ಡ ಇಟ್ಟುಕೊಂಡೇ ಉಂಡರು.

ತಪ್ಪು ನನ್ನದಲ್ಲ, ನನ್ನ ಹೊಟ್ಟೆಪಾಡಿನದು. ನಾನು ದೂರ ದೇಶಗಳಿಗೆ ವಿಮಾನ ಓಡಿಸುವವನು. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಕಾಕ್‌ಪಿಟ್ಟಿನಲ್ಲಿ ಕೂತ ಇಬ್ಬರು ಪೈಲಟ್‌ಗಳು ಒಂದೇ ಬಗೆಯ ಊಟ ಮಾಡಬಾರದು. ಒಬ್ಬ ಅನ್ನ ತಿಂದರೆ ಇನ್ನೊಬ್ಬ ಬೇರೆ ಏನನ್ನಾದರೂ ತಿನ್ನಬೇಕು. ಊಟ ಕೆಟ್ಟಿದ್ದು ಇಬ್ಬರ ಹೊಟ್ಟೆಯೂ ಒಮ್ಮೆಗೇ ಕೈಕೊಟ್ಟರೆ ಹಿಂದೆ ಬೆಲ್ಟ್ ಕಟ್ಟಿಕೊಂಡು ಕೂತ ಮುನ್ನೂರು ಜನರ ಗತಿಯೇನು? ಕ್ಯಾಪ್ಟನ್ ಮೊದಲು ಆರಿಸುತ್ತಾನೆ, ಉಳಿದದ್ದು ಕೋ-ಪೈಲಟ್‌ಗೆ. ಹನ್ನೊಂದು ವರ್ಷ ನಾನು ಉಳಿದದ್ದನ್ನೇ ತಿಂದವನು. ಕ್ಯಾಪ್ಟನ್ ಆಗಿ ಭುಜದ ಮೇಲೆ ನಾಲ್ಕನೇ ಪಟ್ಟಿ ಬಂದ ದಿನ ಎಲ್ಲರೂ ನನ್ನ ಜವಾಬ್ದಾರಿ ಹೆಚ್ಚಿತೆಂದು ಕೈಕುಲುಕಿದರು. ನನಗೆ ಆದ ಸಂತೋಷ ಬೇರೆ; ಇನ್ನು ಮುಂದೆ ಪನೀರ್ ನನ್ನದು.

ಈ ಕೆಲಸದ ಬಗ್ಗೆ ಜನರಿಗೆ ಏನೇನೋ ಕಲ್ಪನೆ. ನಿಜವಾಗಿ ನೋಡಿದರೆ ಹದಿನೈದು ಗಂಟೆ ಕೂತಲ್ಲೇ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡು, ಯಾವುದೋ ದೇಶದ ಹೋಟೆಲಿನಲ್ಲಿ ಪರದೆ ಎಳೆದು ಮಲಗಿ, ಮತ್ತೆ ಹದಿನೈದು ಗಂಟೆ ಕೂತು ಬರುವುದಷ್ಟೇ. ಸಾಂತಾಕ್ರೂಜ್‌ನ ನಮ್ಮ ಬಿಲ್ಡಿಂಗಿನಲ್ಲಿ ನನ್ನನ್ನು ಬಹಳ ಜನ ನಿರುದ್ಯೋಗಿ ಎಂದೇ ತಿಳಿದಿದ್ದರು. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಲುಂಗಿ ಉಟ್ಟು ಬಾಲ್ಕನಿಯಲ್ಲಿ ಹಲ್ಲುಜ್ಜುವವನನ್ನು ಇನ್ನೇನು ತಿಳಿಯಬೇಕು? ಸೊಸೈಟಿ ಮೀಟಿಂಗಿನಲ್ಲಿ ನೀರಿನ ಟ್ಯಾಂಕ್ ತೊಳೆಸುವ ಕೆಲಸವನ್ನು, ಇವರು ಹೇಗೂ ಮನೆಯಲ್ಲೇ ಇರುತ್ತಾರೆ ಎಂದು, ಸರ್ವಾನುಮತದಿಂದ ನನಗೆ ವಹಿಸಿದರು. ಭಾಂಡುಪಿನಲ್ಲಿರುವ ನನ್ನ ಅತ್ತೆಯ ಮಗನಿಗೆ ಮಾತ್ರ ನನ್ನ ಮೇಲೆ ಅಪಾರ ಗೌರವ. ಅವನು ಟೆರೇಸಿನಲ್ಲಿ ನಿಂತು ಪ್ರತಿ ವಿಮಾನಕ್ಕೂ ಕೈಬೀಸುತ್ತಾನೆ. "ನಿನ್ನೆ ಕಂಡೆಯಾ ನನ್ನನ್ನು?" ಎಂದು ಫೋನ್ ಮಾಡಿದ. ಕಂಡೆ ಎಂದೆ. ಯಾವ ಬಣ್ಣದ ಶರ್ಟ್ ಹಾಕಿದ್ದೆ ಹೇಳು ಎಂದು ಪರೀಕ್ಷೆ ಮಾಡಿದ. ಅಂದಾಜಿನ ಮೇಲೆ ನೀಲಿ ಎಂದೆ. ನೀಲಿಯೇ ಆಗಿತ್ತಂತೆ! ಅವತ್ತಿನಿಂದ ಅವನು ಹಳೆಯ ಶರ್ಟ್ ಹಾಕಿಕೊಂಡು ಟೆರೇಸ್ ಹತ್ತುವುದಿಲ್ಲ.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಅಪ್ಪಯ್ಯನ ಕಥೆ ಹೇಳುವುದಕ್ಕೆ. ಅಪ್ಪಯ್ಯ ಕುಂದಾಪುರದ ಕಡೆಯವರು. ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ ಹನ್ನೆರಡು ಟೇಬಲಿನ ಹೋಟೆಲ್ ಇಟ್ಟು ಐವತ್ತು ವರ್ಷ ನಡೆಸಿದವರು. ಈಗ ಅದನ್ನು ನನ್ನ ದಾಯಾದಿ ತಮ್ಮ ನೋಡಿಕೊಳ್ಳುತ್ತಾನೆ. ಅಪ್ಪಯ್ಯನಿಗೆ ವಯಸ್ಸು ಎಪ್ಪತ್ತೊಂಬತ್ತು. ಆದರೂ ದಿನವೂ ಬೆಳಿಗ್ಗೆ ಹೋಗಿ ಸಾಂಬಾರಿನ ರುಚಿ ನೋಡದೆ ಬಿಡುವುದಿಲ್ಲ. ಅವರು ತಲೆಯಾಡಿಸಿದ ಮೇಲೆಯೇ ಮೊದಲ ಇಡ್ಲಿ ಹೊರಗೆ ಹೋಗಬೇಕು.

ನಾನು ಬೆಳೆದದ್ದೆಲ್ಲ ಆ ಹೋಟೆಲಿನ ಕೊನೆಯ ಟೇಬಲಿನಲ್ಲಿ. ವಿಮಾನ ತಲೆಯ ಮೇಲೆ ಹೋದಾಗಲೆಲ್ಲ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಗುಣುಗುಡುತ್ತಿದ್ದವು. ಗಿರಾಕಿಗಳು ಮಾತು ನಿಲ್ಲಿಸುತ್ತಿದ್ದರು. ಸದ್ದು ಹೋದ ಮೇಲೆ ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ನಾನು ಮಾತ್ರ ಗುಣಿಸುವ ಲೆಕ್ಕ ಬಿಟ್ಟು ಹೊರಗೆ ಓಡಿ ಆಕಾಶ ನೋಡುತ್ತಿದ್ದೆ. ಲೆಕ್ಕದಲ್ಲಿ ನನಗೆ ಬಂದ ಅಂಕಗಳಿಗೆ ನೇರ ಹೊಣೆ ವಿಮಾನ ನಿಲ್ದಾಣದ್ದು.

ಮಧ್ಯಾಹ್ನ ಮೂರಕ್ಕೆ ಗಿರಾಕಿಗಳು ಕಡಿಮೆಯಾದ ಮೇಲೆ ಅಪ್ಪಯ್ಯ ಆ ಕೊನೆಯ ಟೇಬಲಿಗೆ ಬಂದು ನನ್ನ ಪಕ್ಕ ಕೂರುತ್ತಿದ್ದರು. ಇಬ್ಬರಿಗೂ ಒಂದೇ ಊಟ. ಅನ್ನ, ಬೆಳಗಿನ ಸಾಂಬಾರು, ಹಪ್ಪಳ. ಬೇರೆ ಹೊತ್ತಿನಲ್ಲಿ ಅವರು ಅಪ್ಪನಲ್ಲ, ಮಾಲೀಕರು. ಉಣ್ಣುವಾಗ ಮಾತ್ರ ಮಾತಾಡುತ್ತಿದ್ದರು. ಶಾಲೆ, ಊರು, ಸತ್ತುಹೋದ ಅಮ್ಮ ಎಲ್ಲವೂ ಆ ಇಪ್ಪತ್ತು ನಿಮಿಷದಲ್ಲೇ. ನಾನು ಪೈಲಟ್ ಆದ ಮೇಲೂ, ಮದುವೆಯಾದ ಮೇಲೂ, ಮನೆಯಲ್ಲಿದ್ದ ದಿನ ಪಕ್ಕದಲ್ಲಿ ಕೂತು ಒಂದೇ ಊಟ ಉಣ್ಣುವುದು ತಪ್ಪಲಿಲ್ಲ. ಅದನ್ನು ತಪ್ಪಿಸಿದ್ದು ಒಂದು ಬಿಸ್ಕತ್ತಿನ ಪೊಟ್ಟಣ.

ಆದದ್ದು ಹೀಗೆ. ಕಳೆದ ವರ್ಷ ಒಂದು ಮಧ್ಯಾಹ್ನದ ಫ್ಲೈಟ್. ನನ್ನ ಜೊತೆಗೆ ತೇಜಸ್ ಎಂಬ ಕೋ-ಪೈಲಟ್. ಬೆಳಗಾವಿ ಕಡೆಯವರ ಮಗ, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಆದರೆ ಬಾಯಿಗೆ ಬರುವಾಗ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುತ್ತದೆ. ಟ್ರಾಫಿಕ್ಕಿಗೆ ಹೆದರಿ ಮೂರು ಗಂಟೆ ಮೊದಲೇ ಹೊರಟವನು ನಮ್ಮ ಮನೆಗೆ ಬಂದ. ಅಪ್ಪಯ್ಯನಿಗೆ ಹಿಗ್ಗು. ಮಗನ ಜೊತೆ ವಿಮಾನ ಓಡಿಸುವವನು ಹಸಿದು ಹೋಗುವುದುಂಟೇ? ಇಬ್ಬರನ್ನೂ ಹೋಟೆಲಿಗೆ ಕರೆದುಕೊಂಡು ಹೋಗಿ ಕೊನೆಯ ಟೇಬಲಿನಲ್ಲಿ ಕೂರಿಸಿ, "ಎಂತ ಬೇಕು ಹೇಳಿ," ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ತಾವೇ ನಿಂತರು.

ನಾನು ಇಡ್ಲಿ ಸಾಂಬಾರ್ ಎಂದೆ. ಅಂದವನು ಅಭ್ಯಾಸಬಲದಿಂದ ತೇಜಸ್‌ನ ಕಡೆ ತಿರುಗಿ, "ನಾನು ಇಡ್ಲಿ. ನೀನು?" ಎಂದೆ. ಅವನೂ ಅಭ್ಯಾಸಬಲದಿಂದ, "ಹಂಗಾದ್ರ ನಾ ಬೇರೆ ತಗೋತೀನಿ ಸರ್," ಎಂದ. ವಡೆಯೇ? ಅದಕ್ಕೂ ಅದೇ ಸಾಂಬಾರು. ದೋಸೆಗೂ ಅದೇ ಸಾಂಬಾರು, ಅದೇ ಚಟ್ನಿ. ಊಟಕ್ಕೂ ಅದೇ. ಹೋಟೆಲಿನ ಸಮಸ್ತವೂ ಒಂದೇ ಹಂಡೆಯಿಂದ ಹೊರಟು ಹನ್ನೆರಡು ಟೇಬಲಿಗೆ ಹೋಗುತ್ತಿತ್ತು. ತೇಜಸ್ ಸುತ್ತ ನೋಡಿದ. ಗಲ್ಲಾಪೆಟ್ಟಿಗೆಯ ಮೇಲೆ, ಚಹಾದ ಜೊತೆಗೆ ಕೊಡುವ ಗ್ಲುಕೋಸ್ ಬಿಸ್ಕತ್ತಿನ ಪೊಟ್ಟಣಗಳಿದ್ದವು. ಎದ್ದುಹೋಗಿ ಒಂದನ್ನು ತಂದು, ಹರಿದು, ಕುರುಂ ಕುರುಂ ಎಂದು ತಿನ್ನತೊಡಗಿದ.

ಅಪ್ಪಯ್ಯನ ಹೋಟೆಲಿನಲ್ಲಿ, ಅಪ್ಪಯ್ಯನ ಕಣ್ಣೆದುರಿಗೆ, ಅಪ್ಪಯ್ಯನ ಅತಿಥಿ ಪೊಟ್ಟಣದ ಬಿಸ್ಕತ್ತು ತಿನ್ನುತ್ತಿದ್ದಾನೆ!

"ಯಾಕೆ ತಮ್ಮಾ? ಇಡ್ಲಿ ಆಗುದಿಲ್ವಾ ನಿಂಗೆ?"

"ಆಗ್ತದ ಅಂಕಲ್, ಬಹುತ್ ಪಸಂದ್. ಆದ್ರ ಸರ್ ತಗೊಂಡ್ರಲ್ಲ. ಸೇಮ್ ಖಾನಾ ನಹೀ ಚಲೇಗಾ. ಸಾಂಬಾರ್ ಖರಾಬ್ ಇದ್ರ ಒಬ್ಬರಾದ್ರೂ ಠೀಕ್ ಇರಬೇಕಲ್ಲ."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ತೊಂದರೆ. ಅಪ್ಪಯ್ಯ ನನ್ನನ್ನು ನೋಡಿದರು. ನಾನು ತಮಾಷೆ ಮಾಡಿ ತೇಲಿಸಿಬಿಡಬಹುದಿತ್ತು. ಅದರ ಬದಲು ಪಾಠ ಹೇಳುವ ಮೇಷ್ಟರ ಗತ್ತಿನಲ್ಲಿ, "ಹೌದು ಅಪ್ಪಯ್ಯ, ಅದು ರೂಲು," ಎಂದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮಡಚಿ ಟೇಬಲಿನ ಮೇಲಿಟ್ಟು ಒಳಗೆ ಹೋದರು. ನಾವು ಹೊರಡುವಾಗಲೂ ಹೊರಗೆ ಬರಲಿಲ್ಲ.

ನಾಲ್ಕು ದಿನದ ಮೇಲೆ ವಾಪಸು ಬಂದು ಊಟಕ್ಕೆ ಕೂತಾಗ ಮುಷ್ಕರ ಆರಂಭವಾಗಿರುವುದು ತಿಳಿಯಿತು. ತಟ್ಟೆ ಮುಂದಿಟ್ಟುಕೊಂಡು ಅಪ್ಪಯ್ಯ ಗಂಭೀರವಾಗಿ ಕೇಳಿದರು:

"ನೀನು ಎಂತ ತಿಂತಿ?"

"ಶೈಲಾ ಮಾಡಿದ ಹುಳಿ ಅನ್ನ."

"ಹಾಗಾದ್ರೆ ನಂಗೆ ಬಿಸ್ಕತ್ತು ಸಾಕು. ಇಬ್ಬರೂ ಬಿದ್ರೆ ಮನೆ ನಡೆಸುದು ಯಾರು?"

ಶೈಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಹೋದಳು. ಆಮೇಲೆ ಅದೇ ನಡೆಯಿತು. ನಾನು ದೋಸೆ ಎಂದರೆ ಅವರು ಬ್ರೆಡ್. ನಾನು ಬ್ರೆಡ್ ಎಂದರೆ ಅವರು ಬಾಳೆಹಣ್ಣು. ಅವರಿಗೆ ದೋಸೆ ಸಿಗಲೆಂದು ನಾನೇ ಬಾಳೆಹಣ್ಣು ಹಿಡಿದರೆ ಅವರಿಗೆ ಹಸಿವೆಯೇ ಇಲ್ಲ. "ನೀವೇ ಮೊದಲು ಹೇಳಿ ಅಪ್ಪಯ್ಯ," ಎಂದರೆ, "ಛೆ ಛೆ, ಕ್ಯಾಪ್ಟನ್ ಮೊದಲು," ಎಂದು ಕೈಮುಗಿಯುತ್ತಿದ್ದರು. ನಾನು ಎದ್ದುಹೋದ ಮೇಲೆ ಅವರು ಅದೇ ಹುಳಿಯನ್ನು ಸುರಿದುಕೊಂಡು ಉಣ್ಣುತ್ತಿದ್ದರೆಂದು ಶೈಲಾ ಹೇಳುತ್ತಿದ್ದಳು. ಅಂದರೆ ಅವರು ಉಪವಾಸ ಬೀಳಲಿಲ್ಲ. ನನ್ನ ಪಕ್ಕದಲ್ಲಿ ಉಣ್ಣಲಿಲ್ಲ, ಅಷ್ಟೇ.

ಒಂದು ದಿನ ನಾನು ತಿಳಿಸಿ ಹೇಳಲು ಹೋದೆ. "ನಿಮ್ಮ ಸಾಂಬಾರಿನ ಮೇಲೆ ಅನುಮಾನ ಅಲ್ಲ ಅಪ್ಪಯ್ಯ. ಯಾರ ಅಡುಗೆಯಾದರೂ ಹಾಗೆಯೇ. ಹಿಂದೆ ಮುನ್ನೂರು ಜನ ಕೂತಿರ್ತಾರೆ."

"ನನ್ನ ಹೋಟೆಲಿಗೆ ಬಂದವರು ಜನ ಅಲ್ವಾ? ಐವತ್ತು ವರ್ಷ ಎಲ್ಲರೂ ಒಂದೇ ಹಂಡೆದ್ದು ತಿಂದದ್ದು. ಒಬ್ಬ ಬಿದ್ದದ್ದು ಉಂಟಾ ಹೇಳು. ನೀನು ಯಾವುದು ತಿಂದು ಇಷ್ಟು ಉದ್ದ ಆದದ್ದು?"

ಏಳು ತಿಂಗಳು ಹೀಗೇ ಹೋಯಿತು. ಹೊರಗಿನವರಿಗೆ ಇದು ನಗೆಯ ವಿಷಯ. ಹೇಳುವಾಗ ನಾನೂ ನಗುತ್ತಿದ್ದೆ. ಆದರೆ ಒಳಗೊಳಗೆ ಬಹಳ ಸಂಕಟವಾಗುತ್ತಿತ್ತು. ಉಣ್ಣುವಾಗ ಮಾತ್ರ ಮಾತಾಡುವ ಮನುಷ್ಯ ನನ್ನ ಜೊತೆ ಉಣ್ಣುವುದನ್ನೇ ಬಿಟ್ಟರೆ ನನಗೆ ಉಳಿಯುವ ಅಪ್ಪ ಎಷ್ಟು? ಅವರಿಗೋ ಎಪ್ಪತ್ತೊಂಬತ್ತು. ನಾನೋ ತಿಂಗಳಲ್ಲಿ ಅರ್ಧದಷ್ಟು ದಿನ ಆಕಾಶದಲ್ಲಿ. ಊಟದ ಟೇಬಲಿನ ಆ ಬದಿಯಲ್ಲಿ ಅವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುವುದನ್ನು ನೋಡುತ್ತಾ ನಾನು ಅನ್ನ ನುಂಗುತ್ತಿದ್ದೆ.

ಈ ಮಧ್ಯೆ ಲಂಡನ್ನಿನ ನನ್ನ ಚಿಕ್ಕಪ್ಪ, ಅಂದರೆ ಅಪ್ಪಯ್ಯನ ತಮ್ಮ, ಅಲ್ಲೊಂದು ಉಡುಪಿ ಹೋಟೆಲ್ ತೆರೆದರು. ಅಪ್ಪಯ್ಯ ಅದುವರೆಗೆ ವಿಮಾನ ಹತ್ತಿದವರಲ್ಲ. ಎಷ್ಟು ಕರೆದರೂ ಬೇಡವೆಂದವರು, ತಮ್ಮನ ಸಾಂಬಾರಿನ ಸುದ್ದಿ ಬಂದ ತಕ್ಷಣ ಪಾಸ್‌ಪೋರ್ಟ್ ಹುಡುಕಿದರು. "ಅವ ಅಲ್ಲಿ ಜನಕ್ಕೆ ಎಂತ ಬಡಿಸ್ತಾನೆ ಅಂತ ಒಮ್ಮೆ ನೋಡ್ಬೇಕು." ಶೈಲಾಳನ್ನು ಜೊತೆ ಮಾಡಿ ಹದಿನೈದು ದಿನಕ್ಕೆ ಕಳುಹಿಸಿದೆ. ಹೋಗುವಾಗ ಬೇರೆಯವರ ಫ್ಲೈಟ್, ಬರುವಾಗಿನದು ನನ್ನದು. ತಪಾಸಣೆ ಮುಗಿಸಿದ ಅಪ್ಪಯ್ಯ ತಮ್ಮನ ಸಾಂಬಾರಿಗೆ ಕೊಟ್ಟ ಸರ್ಟಿಫಿಕೇಟ್ ಎರಡೇ ಶಬ್ದ: "ಬಣ್ಣ ಉಂಟು."

ವಾಪಸು ಹೊರಡುವ ದಿನ ಚಿಕ್ಕಪ್ಪ ದಾರಿಗೆಂದು ಡಬ್ಬಿ ತುಂಬ ಇಡ್ಲಿ, ಇನ್ನೊಂದರಲ್ಲಿ ಸಾಂಬಾರು ಕಟ್ಟಿಕೊಟ್ಟಿದ್ದರಂತೆ. ಸೆಕ್ಯುರಿಟಿಯವರು ಸಾಂಬಾರನ್ನು ಒಳಗೆ ಬಿಡಲಿಲ್ಲ. ಅಪ್ಪಯ್ಯ ಜಗಳವಾಡಬಹುದೆಂದು ಶೈಲಾ ಹೆದರಿದ್ದಳು. ಅವರೋ, "ಬಿಡದಿದ್ದದ್ದು ಒಳ್ಳೇದೇ ಆಯ್ತು," ಎಂದು ಇಡ್ಲಿಯ ಡಬ್ಬಿಯನ್ನೂ ಅಲ್ಲೇ ಬಿಟ್ಟು, ಬರಿಗೈಯಲ್ಲಿ ವಿಮಾನ ಹತ್ತಿದರು.

ಆವತ್ತೂ ನನ್ನ ಪಕ್ಕದಲ್ಲಿ ಅದೇ ತೇಜಸ್. ಊಟದ ಹೊತ್ತಾಯಿತು. ಸಸ್ಯಾಹಾರದಲ್ಲಿ ಎರಡು ಬಗೆ: ದಾಲ್ ಮತ್ತು ಅನ್ನ; ಇಲ್ಲವೇ ಚೀಸ್ ಪಾಸ್ತಾ. ನಾನು ದಾಲ್ ಎಂದೆ. ತೇಜಸ್ ನಿಟ್ಟುಸಿರು ಬಿಟ್ಟು ಪಾಸ್ತಾ ತೆಗೆದುಕೊಂಡ. ನಾನು ತಿಂದು ಮುಗಿಸಿದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕ್ಯಾಬಿನ್ನಿನ ಮುಖ್ಯಸ್ಥೆ ಫೋನ್ ಮಾಡಿದಳು. "ಕ್ಯಾಪ್ಟನ್, ನಿಮ್ಮ ತಂದೆ ಊಟ ಮುಟ್ಟುತ್ತಿಲ್ಲ. ಕ್ಯಾಪ್ಟನ್ ಏನು ತಿಂದರು ಅಂತ ಮೊದಲು ಹೇಳಬೇಕಂತೆ."

ಮೂವತ್ತಾರು ಸಾವಿರ ಅಡಿ ಎತ್ತರದಲ್ಲೂ ಮುಷ್ಕರ! ನಾನು ತಲೆ ಓಡಿಸಿದೆ. ಚೀಸ್ ಎಂದರೆ ಅಪ್ಪಯ್ಯನಿಗೆ ಆಗದು. ಅದು ಹಾಲು ಕೆಟ್ಟ ಮೇಲೆ ಮಾಡುವ ಪದಾರ್ಥ ಎಂಬುದು ಅವರ ನಂಬಿಕೆ. ದಾಲ್ ತಿಂದೆ ಎಂದರೆ ಹಟಕ್ಕೆ ಬಿದ್ದು ಪಾಸ್ತಾ ಹಿಡಿಯುತ್ತಾರೆ. ಪಾಸ್ತಾ ತಿಂದೆ ಎಂದರೆ ದಾಲ್ ಅನ್ನ ತಿಂದು ಹಾಯಾಗಿ ಮಲಗುತ್ತಾರೆ. ಹಾಗಾಗಿ ಒಂದಿಷ್ಟೂ ಅಳುಕದೆ, "ಪಾಸ್ತಾ ತಿಂದೆ ಅಂತ ಹೇಳಿ," ಎಂದೆ. ತೇಜಸ್ ತನ್ನ ಪಾಸ್ತಾದಿಂದ ತಲೆಯೆತ್ತಿ ನನ್ನನ್ನು ನೋಡಿದ. ನಾನು ಕಣ್ಣು ಹೊಡೆದೆ. ಇಷ್ಟು ಜಾಣ ಮಗನನ್ನು ಪಡೆದ ಅಪ್ಪಯ್ಯನ ಪುಣ್ಯವೇ ಪುಣ್ಯ ಎಂದುಕೊಂಡು ಮುಂಬಯಿಗೆ ಬಂದಿಳಿದೆ.

ಮನೆ ಸೇರಿ ಬ್ಯಾಗ್ ಇಡುವಾಗ ಶೈಲಾ ನನ್ನನ್ನು ಪಕ್ಕಕ್ಕೆ ಕರೆದಳು. "ಏನ್ರೀ, ಆ ಪಾಸ್ತಾನ ನೀವು ಹೇಗೆ ತಿಂದ್ರಿ? ಮಾವ ಪೂರ್ತಿ ತಿಂದ್ರು. ಮುಖ ಹಿಂಡ್ಕೊಂಡು, ನೀರು ಕುಡ್ಕೊಂಡು, ಒಂದು ಚೂರು ಬಿಡ್ಲಿಲ್ಲ."

"ದಾಲ್ ತಗೊಳ್ಳಲಿಲ್ವಾ?"

"ನಾನೂ ಅದೇ ಹೇಳ್ದೆ. 'ಮುಂದೆ ಕೂತವರು ಬೇರೆ ಬೇರೆ ತಿನ್ಬೇಕು, ಅದು ಅವರ ರೂಲು. ನಾನೇನು ವಿಮಾನ ಓಡಿಸ್ತೇನಾ? ನನ್ನ ಮಗ ತಿಂದದ್ದೇ ನಂಗೆ ಕೊಡು' ಅಂದ್ರು. ಈ ಹದಿನೈದು ದಿನ ಅವರಿಗೆ ಅದೇ ಯೋಚನೆ ಕಣ್ರೀ. ಮಗನ ಜೊತೆ ಉಣ್ಣದೆ ಸಾಕಾಗಿದೆ, ಆದ್ರೆ ತಾನಾಗಿ ಹೇಗೆ ಸೋಲೋದು ಅಂತ."

ನಾನು ಅಲ್ಲೇ ಸೂಟ್‌ಕೇಸಿನ ಮೇಲೆ ಕೂತುಬಿಟ್ಟೆ. ಏಳು ತಿಂಗಳ ಮೇಲೆ ಅವರು ಒಂದು ಹೆಜ್ಜೆ ಮುಂದೆ ಬಂದಿದ್ದರು. ನನ್ನ ಜಾಣತನ ಅವರ ಬಾಯಿಗೆ ರಬ್ಬರ್ ತುರುಕಿತ್ತು.

ಮಧ್ಯಾಹ್ನದ ಹೊತ್ತಿಗೆ ಪಾಸ್ತಾ ತನ್ನ ಗುಣ ತೋರಿಸಿತು. ಅಪ್ಪಯ್ಯ ಬಚ್ಚಲಿಗೂ ಹಾಸಿಗೆಗೂ ಓಡಾಡತೊಡಗಿದರು. ಡಾಕ್ಟರು ಫೋನಿನಲ್ಲೇ ಮಾತ್ರೆ ಹೇಳಿ, ಗಂಜಿ ಬಿಟ್ಟು ಬೇರೇನೂ ಬೇಡ ಎಂದರು. ಪ್ರತಿ ಸಲ ಬಚ್ಚಲಿನಿಂದ ಹೊರಬಂದಾಗಲೂ ಅಪ್ಪಯ್ಯ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳುವುದು ಒಂದೇ: "ನಿನ್ನ ಹೊಟ್ಟೆ ಹೇಗುಂಟು? ನೀನೂ ಅದನ್ನೇ ತಿಂದದ್ದಲ್ವಾ?"

ಮೊದಲ ಸಲ ಪರವಾಗಿಲ್ಲ ಎಂದೆ. ಎರಡನೇ ಸಲ ಅವರ ಬಾಡಿದ ಮುಖ ನೋಡಿ, ನಾನು ಗಟ್ಟಿಯಾಗಿದ್ದೇನೆ ಎನ್ನಲು ನಾಚಿಕೆಯಾಯಿತು. ಹೊಟ್ಟೆ ಹಿಡಿದುಕೊಂಡು, "ಸ್ವಲ್ಪ ತೊಳಸ್ತಾ ಉಂಟು ಅಪ್ಪಯ್ಯ," ಎಂದೆ. "ಮಲಗು ಮಲಗು," ಎಂದು ಅವರೇ ನನಗೆ ಚಾದರ ಹೊದಿಸಿದರು. ನಾನು ಮಧ್ಯೆ ಒಂದೆರಡು ಸಲ ಸುಮ್ಮನೆ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿ, ನೀರು ಸುರಿದು ಬಂದೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಶೈಲಾಳಿಗೆ ಎಲ್ಲ ತಿಳಿದುಹೋಗಿತ್ತು. ಅವಳು ನನಗೆ ಕೇಳಿಸುವಂತೆ ಅಡುಗೆಮನೆಯಲ್ಲಿ ತನಗೊಬ್ಬಳಿಗೇ ಹಪ್ಪಳ ಕರಿದುಕೊಂಡಳು.

ಸಂಜೆ ಊಟದ ಟೇಬಲಿಗೆ ಇಬ್ಬರಿಗೂ ಕುಚ್ಚಲಕ್ಕಿ ಗಂಜಿ ತಂದಿಟ್ಟಳು. ಅಪ್ಪಯ್ಯ ಆ ಬದಿಯ ಕುರ್ಚಿ ಬಿಟ್ಟು ನನ್ನ ಪಕ್ಕಕ್ಕೆ ಬಂದು ಕೂತರು. ಎಂತ ತಿಂತಿ ಎಂದು ಕೇಳಲಿಲ್ಲ. ಒಂದು ಚಮಚ ಬಾಯಿಗಿಟ್ಟು ಹೇಳಿದರು:

"ಈಗ ಗೊತ್ತಾಯ್ತು ಮಾರಾಯ, ನಿಮ್ಮ ರೂಲು ಎಂತಕ್ಕೆ ಅಂತ. ಅದು ಸಾಂಬಾರಿಗೆ ಮಾಡಿದ್ದಲ್ಲ, ಆ ಪಾಸ್ತಾದಂಥದ್ದಕ್ಕೆ ಮಾಡಿದ್ದು. ಪಾಪ, ನೀನು ಇಷ್ಟು ವರ್ಷ ಅಂಥದ್ದನ್ನೆಲ್ಲ ತಿಂದದ್ದಾ?"

ಹೂಂ ಎಂದು ಗಂಜಿ ಸುರಿದೆ. ಅಪ್ಪಯ್ಯ ಮಾತಿಗೆ ತೊಡಗಿದರು. ಏಳು ತಿಂಗಳಿನದು ಎಲ್ಲವೂ ಬಾಕಿ ಇತ್ತಲ್ಲ. ಚಿಕ್ಕಪ್ಪನ ಹೋಟೆಲು, ಅಲ್ಲಿನ ಚಳಿ, ಅಮ್ಮ ಇದ್ದಿದ್ದರೆ ಲಂಡನ್ ನೋಡಿ ಏನೆನ್ನುತ್ತಿದ್ದಳು ಎಂಬುದು. ನಾನು ಕೇಳುತ್ತಾ ಕೇಳುತ್ತಾ ಉಂಡೆ, ಮತ್ತೆ ಬಡಿಸಿಕೊಂಡು ಉಂಡೆ. ಸುಖದಲ್ಲಿ ಮೈಮರೆತು ಶೈಲಾಳ ಕಡೆಗೆ ಮತ್ತೊಮ್ಮೆ ತಟ್ಟೆ ಚಾಚಿದಾಗ ಅಪ್ಪಯ್ಯನ ಮಾತು ನಿಂತಿತು.

"ಎಷ್ಟನೇ ಸಲ ಇದು?"

"ಮೂರನೇದು."

"ಹೊಟ್ಟೆ ಕೆಟ್ಟವ ಮೂರನೇ ಸಲ ಹಾಕಿಸ್ಕೊಳ್ಳುದಿಲ್ಲ. ಉಣ್ಣುವವರನ್ನು ನೋಡಿ ನೋಡಿಯೇ ನನ್ನ ತಲೆ ಬೆಳ್ಳಗಾದದ್ದು." ಅವರು ನನ್ನ ಮುಖವನ್ನೇ ನೋಡಿದರು. "ನೀನು ದಾಲ್ ತಿಂದದ್ದು ಅಲ್ವಾ?"

ಶೈಲಾ ಒಲೆಯ ಮೇಲೆ ಏನೋ ಇಟ್ಟ ನೆನಪಾದವಳಂತೆ ಒಳಗೆ ಹೋದಳು. ನಾನು ತಟ್ಟೆ ಹಿಡಿದುಕೊಂಡೇ ಇದ್ದೆ.

"ಹೌದು ಅಪ್ಪಯ್ಯ. ನಿಮಗೆ ದಾಲ್ ಸಿಗಲಿ ಅಂತ..."

ಅಪ್ಪಯ್ಯನ ಹೊಟ್ಟೆ ಕುಲುಕತೊಡಗಿತು. ನೋವೋ ಎಂದು ಗಾಬರಿಯಾದೆ, ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕಣ್ಣೊರಸಿಕೊಂಡು, ಶೈಲಾ ಬಿಟ್ಟುಹೋದ ಸೌಟನ್ನು ತಾವೇ ಎತ್ತಿಕೊಂಡರು. ನನ್ನ ತಟ್ಟೆಗೆ ಒಂದು ಸೌಟು, ತಮ್ಮ ತಟ್ಟೆಗೆ ಒಂದು ಸೌಟು ಹಾಕಿ ಹೇಳಿದರು:

"ಉಣ್ಣು. ಇದು ಇಬ್ಬರದ್ದೂ ಒಂದೇ ಪಾತ್ರೆದ್ದು. ಬಿದ್ರೆ ಒಟ್ಟಿಗೇ ಬೀಳುವ."